ಬಂಕಿಗೆ ಹೋಗುವುದು ತಪ್ಪುತ್ತದೆ, ತೈಲ ತಪ್ಪುವುದಿಲ್ಲ

ಪ್ರಶ್ನೆ: ನಾನು ತಿಪಟೂರಿನವಳು, ಪ್ರೌಢಶಾಲೆಯಲ್ಲಿ ವಿಜ್ಞಾನ ಶಿಕ್ಷಕಿ. ಶಾಲೆ ಮನೆಯಿಂದ 22 ಕಿ.ಮೀ. ದೂರ. ಬೆಳಗಿನ ಹೊತ್ತಿಗೆ ಸರಿಯಾದ ಬಸ್ಸಿಲ್ಲ, ಹಾಗಾಗಿ ಹನ್ನೊಂದು ವರ್ಷ ಹಳೆಯ ಪೆಟ್ರೋಲ್ ಸ್ಕೂಟರಿನಲ್ಲೇ ಓಡಾಟ. ಈಗ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವ ಯೋಚನೆ ಇದೆ. ಯಜಮಾನರು, “ರಾಯಚೂರಿನಲ್ಲಿ ಕಲ್ಲಿದ್ದಲು ಸುಟ್ಟು ಬಂದ ಕರೆಂಟಿನಲ್ಲಿ ಗಾಡಿ ಓಡಿಸಿ ಪರಿಸರ ಉಳಿಸಿದೆ ಎನ್ನುತ್ತೀಯಾ?” ಎಂದು ನಗುತ್ತಾರೆ. ಮೈದುನ, ಮೂರು ವರ್ಷಕ್ಕೆ ಬ್ಯಾಟರಿ ಹೋಗುತ್ತದೆ, ಹೊಸದಕ್ಕೆ ಅರವತ್ತು ಸಾವಿರ ಎನ್ನುತ್ತಾರೆ. ಅತ್ತೆಗೆ ಬೆಂಕಿಯ ಭಯ; ಗಾಡಿ ನಿಲ್ಲಿಸುವುದು ಮನೆಯೊಳಗಿನ ಮೆಟ್ಟಿಲ ಕೆಳಗೆ. ನಮಗೆ ಗೃಹಜ್ಯೋತಿ ಇದೆ, ಬಿಲ್ಲು ಸೊನ್ನೆ. ಅದು ಕೈಬಿಟ್ಟು ಹೋದೀತೇ? ಇದೆಲ್ಲದರ ನಡುವೆ ಒಂಬತ್ತನೇ ತರಗತಿಯ ಹುಡುಗನೊಬ್ಬ, “ಎಲ್ಲರೂ ಇವಿ ಕೊಂಡರೆ ನಮ್ಮ ದೇಶಕ್ಕೆ ಪೆಟ್ರೋಲ್ ತರಿಸುವ ಅಗತ್ಯವೇ ಇರುವುದಿಲ್ಲ ಅಲ್ಲವಾ ಮಿಸ್?” ಎಂದು ಕೇಳಿದ. ಹೌದು ಎಂದೆ. ಸರಿಯಾಗಿ ಹೇಳಿದೆನೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಪ್ರಶ್ನೆಗಳಿವೆ. ನಿಮಗೆ ಎಲೆಕ್ಟ್ರಿಕ್ ಸ್ಕೂಟರ್ ಒಗ್ಗುತ್ತದೆಯೇ ಎಂಬುದು ಒಂದು, ಅದರಿಂದ ದೇಶದ ತೈಲದ ಹಂಗು ಕಳೆಯುತ್ತದೆಯೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ ಹೌದು, ಒಂದೆರಡು ಷರತ್ತುಗಳೊಡನೆ. ಎರಡನೆಯದಕ್ಕೆ ಇಲ್ಲ. ಈ ಎರಡನ್ನೂ ಒಂದೇ ಎಂದುಕೊಂಡಿರುವುದರಿಂದಲೇ ಊಟದ ಹೊತ್ತಿನಲ್ಲಿ ನಿಮ್ಮ ಮನೆಯಲ್ಲಿ ವಾದ ಮುಗಿಯುತ್ತಿಲ್ಲ. ವಿದ್ಯುತ್ ಜಾಲದಲ್ಲಿ, ಆಮೇಲೆ ಬ್ಯಾಟರಿ ಪ್ಯಾಕ್‌ಗಳ ಪರೀಕ್ಷೆಯಲ್ಲಿ ಕೆಲಸ ಮಾಡಿದ ನನಗೆ ಈ ಗೊಂದಲ ಹೊಸದಲ್ಲ.

ಯಜಮಾನರ ಮಾತಿನಿಂದ ಶುರು ಮಾಡೋಣ, ಅದರಲ್ಲಿ ಅರ್ಧ ಸತ್ಯವಿದೆ. ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರದ ಸಾಮರ್ಥ್ಯ 1,720 ಮೆಗಾವಾಟ್, ಬಳ್ಳಾರಿ ಬಳಿಯ ಕುಡಿತಿನಿಯದು 1,700, ಯರಮರಸ್‌ನದು 1,600. ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಯೇ ಇಲ್ಲ, ಅಷ್ಟೂ ಹೊರರಾಜ್ಯದಿಂದ ರೈಲಿನಲ್ಲಿ ಬರಬೇಕು. ಹಾಗೆಂದು ನಿಮ್ಮ ಮನೆಯ ಪ್ಲಗ್ಗಿಗೆ ಬರುವುದು ರಾಯಚೂರಿನ ಕರೆಂಟೇ ಎನ್ನುವಂತಿಲ್ಲ. 2013ರ ಡಿಸೆಂಬರ್ ಕೊನೆಯ ದಿನ ರಾಯಚೂರು–ಸೊಲ್ಲಾಪುರ ಮಾರ್ಗದ ಮೂಲಕ ದಕ್ಷಿಣದ ಜಾಲ ದೇಶದ ಜಾಲಕ್ಕೆ ಸೇರಿಕೊಂಡಿತು. ಅಂದಿನಿಂದ ಶರಾವತಿಯ ನೀರು, ಪಾವಗಡದ ಬಿಸಿಲು, ಚಿತ್ರದುರ್ಗ–ಗದಗಿನ ಗಾಳಿ, ಕೈಗಾದ ಅಣುಶಕ್ತಿ, ಛತ್ತೀಸಗಡದ ಕಲ್ಲಿದ್ದಲು ಎಲ್ಲವೂ ಒಂದೇ ಹೊಳೆ. ಈ ಮಿಶ್ರಣದ ಸರಾಸರಿ ನೋಡಿದರೆ ದೇಶದಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸುಮಾರು 0.7 ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ.

ಈಗ ನಿಮ್ಮ ಲೆಕ್ಕ. ದಿನಕ್ಕೆ 44 ಕಿ.ಮೀ.ನಂತೆ ತಿಂಗಳಿಗೆ ಸುಮಾರು 1,050 ಕಿ.ಮೀ. ಹಳೆಯ ಸ್ಕೂಟರ್ ಲೀಟರಿಗೆ 42 ಕೊಡುತ್ತದೆ ಎಂದಿಟ್ಟುಕೊಂಡರೆ 25 ಲೀಟರ್ ಪೆಟ್ರೋಲ್. ಲೀಟರಿಗೆ 2.3 ಕಿಲೋ ಲೆಕ್ಕದಲ್ಲಿ ಸೈಲೆನ್ಸರಿನಿಂದ ಬರುವುದೇ 57 ಕಿಲೋ. ಅದೇ ದೂರಕ್ಕೆ ಎಲೆಕ್ಟ್ರಿಕ್ ಸ್ಕೂಟರಿಗೆ ಪ್ಲಗ್ಗಿನಲ್ಲಿ ಸುಮಾರು 35 ಯೂನಿಟ್ ಬೇಕು. ತಂತಿಯಲ್ಲಿ ಸೋರಿಹೋಗುವುದನ್ನೂ ಸೇರಿಸಿ 41 ಎನ್ನೋಣ. ಅಲ್ಲಿಗೆ 29 ಕಿಲೋ, ಅಂದರೆ ಅರ್ಧ. ಯಜಮಾನರ ಸಮಾಧಾನಕ್ಕೆ ಅಷ್ಟೂ ಕರೆಂಟು ಕಲ್ಲಿದ್ದಲಿನದೇ ಎಂದು ಒಪ್ಪಿಕೊಂಡರೂ 40 ಕಿಲೋದ ಆಸುಪಾಸಿಗೆ ನಿಲ್ಲುತ್ತದೆ.

ಇದು ಹೇಗೆ ಸಾಧ್ಯ? ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು ಒಂಬತ್ತು ಯೂನಿಟ್ ಶಕ್ತಿ ಅಡಗಿದೆ. ನೂರು ಕಿ.ಮೀ. ಹೋಗಲು ನಿಮ್ಮ ಸ್ಕೂಟರ್ ಸುಡುವುದು 21 ಯೂನಿಟ್‌ಗೆ ಸಮನಾದ ಪೆಟ್ರೋಲ್. ಅದರಲ್ಲಿ ಚಕ್ರಕ್ಕೆ ತಲುಪುವುದು ಅತಿ ಸಣ್ಣ ಪಾಲು. ಮಿಕ್ಕಿದ್ದು ಇಂಜಿನ್ನಿನ ಬಿಸಿಯಾಗಿ, ಬೆಲ್ಟಿನ ಸವೆತವಾಗಿ, ಗೇಟು ಬಿದ್ದಾಗ ಸುಮ್ಮನೆ ಗುರುಗುಟ್ಟುತ್ತ ನಿಂತದ್ದಾಗಿ ಹೋಗುತ್ತದೆ. ಎಲೆಕ್ಟ್ರಿಕ್ ಸ್ಕೂಟರಿಗೆ ಅಷ್ಟೇ ದೂರಕ್ಕೆ ಪ್ಲಗ್ಗಿನಲ್ಲಿ ಮೂರೂಕಾಲು ಯೂನಿಟ್ ಸಾಕು. ಅದನ್ನು ಉತ್ಪಾದಿಸಲು ಬಾಯ್ಲರಿನಲ್ಲಿ ಸುಡುವ ಕಲ್ಲಿದ್ದಲಿನ ಶಕ್ತಿಯನ್ನೇ ಎಣಿಸಿದರೂ ಹನ್ನೊಂದು ಯೂನಿಟ್ ದಾಟುವುದಿಲ್ಲ. ಕಲ್ಲಿದ್ದಲು ಕೊಳಕು ಇಂಧನ, ನಿಜ. ಆದರೆ ಸಣ್ಣ ಪೆಟ್ರೋಲ್ ಇಂಜಿನ್ನಿನಷ್ಟು ದುಂದುಗಾರ ಇನ್ನೊಂದಿಲ್ಲ.

ಬ್ಯಾಟರಿ ತಯಾರಿಕೆಯೂ ಶಕ್ತಿ ಬೇಡುತ್ತದೆ. ಮೂರು ಯೂನಿಟ್ ಹಿಡಿಯುವ ಪ್ಯಾಕ್ ತಯಾರಿಸುವಾಗ ಎರಡು ಮೂರು ನೂರು ಕಿಲೋ ಇಂಗಾಲದ ಡೈಆಕ್ಸೈಡ್ ಹೊರಬಿದ್ದಿರುತ್ತದೆ. ನಿಮ್ಮಷ್ಟು ಓಡಿಸುವವರಿಗೆ ಆ ಸಾಲ ವರ್ಷದೊಳಗೆ ತೀರುತ್ತದೆ. ವಾರಕ್ಕೊಮ್ಮೆ ತರಕಾರಿ ತರಲು ಮಾತ್ರ ಗಾಡಿ ತೆಗೆಯುವವರಿಗೆ ಈ ಲೆಕ್ಕ ಕೂಡುವುದಿಲ್ಲ. ಅಂಥವರು ನನ್ನನ್ನು ಕೇಳಿದರೆ ಹಳೆಯದನ್ನೇ ಇಟ್ಟುಕೊಳ್ಳಿ ಎನ್ನುತ್ತೇನೆ.

ಯಜಮಾನರ ಮಾತಿನ ಉಳಿದರ್ಧವನ್ನು ಯಾರೂ ಅಲ್ಲಗಳೆಯಬಾರದು. ನಿಮ್ಮ ಶಾಲೆಯ ಮುಂದಿನ ಹೊಗೆ ನಿಲ್ಲುತ್ತದೆ; ಅದರಲ್ಲಿ ಒಂದಿಷ್ಟು ಶಕ್ತಿನಗರದ ಸುತ್ತಲಿನ ಹಳ್ಳಿಗಳ ಮೇಲೆ ಹಾರುಬೂದಿಯಾಗಿ ಇಳಿಯುತ್ತದೆ. ಇದನ್ನು ತಗ್ಗಿಸಲು ನಿಮ್ಮ ಕೈಲಿರುವ ಒಂದೇ ದಾರಿ ಚಾರ್ಜ್ ಮಾಡುವ ಹೊತ್ತು. ರಾಜ್ಯದಲ್ಲಿ ಸೌರ ವಿದ್ಯುತ್ ಹೇರಳವಾಗಿ ಸಿಗುವುದು ನಡುಮಧ್ಯಾಹ್ನ. ಸಂಜೆ ಆರರಿಂದ ಹತ್ತರವರೆಗೆ ಎಲ್ಲರ ಮನೆಯ ದೀಪ, ಟಿವಿ, ಮಿಕ್ಸಿ ಒಟ್ಟಿಗೆ ಎಳೆಯುವಾಗ ಜಲವಿದ್ಯುತ್ತಿನ ಮೇಲೂ ಕಲ್ಲಿದ್ದಲಿನ ಮೇಲೂ ಭಾರ ಬೀಳುತ್ತದೆ. 2023ರಲ್ಲಿ ಮಳೆ ಕೈಕೊಟ್ಟು, ಅಕ್ಟೋಬರಿನಲ್ಲಿ ಪಂಪ್‌ಸೆಟ್‌ಗಳ ಮೂರು ಫೇಸ್ ಕರೆಂಟನ್ನು ಏಳು ಗಂಟೆಯಿಂದ ಐದಕ್ಕೆ ಇಳಿಸಿದಾಗ ಆದ ಗಲಾಟೆ ನಿಮ್ಮ ಭಾಗದವರಿಗೆ ಮರೆತಿರಲಾರದು. ಆದ್ದರಿಂದ ಮನೆಗೆ ಬಂದೊಡನೆ ಪ್ಲಗ್ಗಿಗೆ ಹಾಕುವ ಅಭ್ಯಾಸ ಬೇಡ. ಭಾನುವಾರ ಮಧ್ಯಾಹ್ನ ಹಾಕಿ. ಉಳಿದ ದಿನ ಮಲಗುವ ಮೊದಲು. ಮುಖ್ಯೋಪಾಧ್ಯಾಯರು ಒಪ್ಪಿದರೆ ಶಾಲೆಯಲ್ಲಿ ಊಟದ ವೇಳೆಗೆ ಹಾಕುವುದು ಎಲ್ಲಕ್ಕಿಂತ ಒಳ್ಳೆಯದು. ಆದರೆ ಅದು ಸರ್ಕಾರದ ಮೀಟರು. ಕೇಳಿ, ಹಣ ಕಟ್ಟಿ ಬಳಸಿ.

ಗೃಹಜ್ಯೋತಿಯ ಸಂಗತಿಯನ್ನು ಶೋರೂಮಿನವರು ಹೇಳುವುದಿಲ್ಲ. ನಿಮ್ಮ ಉಚಿತ ಮಿತಿ 200 ಯೂನಿಟ್ ಅಲ್ಲ. 2022–23ರ ನಿಮ್ಮ ಸರಾಸರಿ ಬಳಕೆಗೆ ಶೇ 10 ಸೇರಿಸಿದಷ್ಟೇ ನಿಮ್ಮ ಪಾಲು. ಬಿಲ್ಲಿನಲ್ಲಿ ಅದು ನಮೂದಾಗಿರುತ್ತದೆ. ಆ ಮಿತಿ ದಾಟಿ 200ರ ಒಳಗಿದ್ದರೆ ಹೆಚ್ಚಾದಷ್ಟಕ್ಕೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದು. ನಿಮ್ಮ ಮನೆಯ ಬಳಕೆ ತೊಂಬತ್ತು ನೂರರ ಸುತ್ತ ಇದ್ದರೆ ಸ್ಕೂಟರಿನ 35 ಯೂನಿಟ್ ಸೇರಿ ತಿಂಗಳಿಗೆ ಇನ್ನೂರು ಚಿಲ್ಲರೆ ರೂಪಾಯಿ ಬರುತ್ತದೆ, ಅಷ್ಟೇ. ಆದರೆ ಈಗಾಗಲೇ 175ರಲ್ಲಿ ಇದ್ದರೆ ಅದೇ 35 ಯೂನಿಟ್ ನಿಮ್ಮನ್ನು 210ಕ್ಕೆ ತಳ್ಳುತ್ತದೆ, ಸೊನ್ನೆ ಇದ್ದ ಬಿಲ್ಲು ಸಾವಿರದ ಐನೂರು ದಾಟಬಹುದು. ಬೇಸಿಗೆಯ ಎರಡು ತಿಂಗಳ ಹಳೆಯ ಬಿಲ್ಲುಗಳನ್ನು ತೆಗೆದು ನೋಡಿ. ಫ್ಯಾನು, ಕೂಲರ್ ತಿರುಗುವ ತಿಂಗಳಲ್ಲೇ ಈ ಗೆರೆ ದಾಟುವುದು.

ಮೈದುನರ ಮೂರು ವರ್ಷದ ಮಾತು ಹಳೆಯ ಸೀಸ–ಆಮ್ಲದ ಬ್ಯಾಟರಿಯ ಗಾಡಿಗಳಿಗೆ ಸರಿ. ನೋಂದಣಿ ಬೇಡ, ಲೈಸೆನ್ಸ್ ಬೇಡ ಎಂದು ಮಾರುವ, ಗಂಟೆಗೆ 25 ಕಿ.ಮೀ. ಮೀರದ ಅಗ್ಗದ ಗಾಡಿಗಳಲ್ಲಿ ಈಗಲೂ ಅವು ಇವೆ. ಬಿ.ಎಚ್. ರಸ್ತೆಯಲ್ಲಿ ಲಾರಿಗಳ ನಡುವೆ ಅಂಥ ಗಾಡಿ ಓಡಿಸುವ ಯೋಚನೆಯನ್ನೇ ಬಿಡಿ. ಲಿಥಿಯಂ ಬ್ಯಾಟರಿಯ ಬಾಳಿಕೆ ಬೇರೆ. ಅದರಲ್ಲೂ ಎಲ್‌ಎಫ್‌ಪಿ ಎಂದು ಕರೆಯುವ, ಕಬ್ಬಿಣ–ಫಾಸ್ಫೇಟಿನ ಸೆಲ್‌ಗಳು ಎರಡು ಸಾವಿರ ಸಲ ಚಾರ್ಜ್ ಆದರೂ ಬಹುಪಾಲು ಸತ್ವ ಉಳಿಸಿಕೊಳ್ಳುತ್ತವೆ. ನಿಕ್ಕಲ್ ಹೆಚ್ಚಿರುವ ಎನ್‌ಎಂಸಿ ಸೆಲ್‌ಗಳು ಹಗುರ, ರೇಂಜ್ ಹೆಚ್ಚು, ಆಯಸ್ಸು ಕಡಿಮೆ, ಬಿಸಿಗೆ ಬೇಗ ಕೆರಳುತ್ತವೆ. ಪ್ಯಾಕ್ ಸವೆದರೂ ಒಮ್ಮೆಲೇ ಸಾಯುವುದಿಲ್ಲ, ತೊಂಬತ್ತು ಕಿ.ಮೀ. ಹೋಗುತ್ತಿದ್ದದ್ದು ಕ್ರಮೇಣ ಎಪ್ಪತ್ತಕ್ಕೆ, ಅರವತ್ತಕ್ಕೆ ಇಳಿಯುತ್ತದೆ. ನಿಮಗೆ ಬೇಕಿರುವುದು 44.

ವಾರಂಟಿ ಕಾಗದವನ್ನು ಮಾತ್ರ ಕಣ್ಣಿಟ್ಟು ಓದಿ. ಎಂಟು ವರ್ಷ ಅಥವಾ 80,000 ಕಿ.ಮೀ., ಯಾವುದು ಮೊದಲೋ ಅದು ಎಂದಿರುತ್ತದೆ. ಎಂಟು ವರ್ಷ ಎಂಬುದು ದೊಡ್ಡ ಅಕ್ಷರದಲ್ಲಿ, ಉಳಿದದ್ದು ಇರುವೆ ಸಾಲಿನಲ್ಲಿ. ತಿಂಗಳಿಗೆ 1,050 ಕಿ.ಮೀ. ಓಡುವ ನಿಮಗೆ ಆರು ವರ್ಷ ಮೂರು ನಾಲ್ಕು ತಿಂಗಳಿಗೇ ವಾರಂಟಿ ಮುಗಿಯುತ್ತದೆ. ಆ ಹೊತ್ತಿಗೆ ಪೆಟ್ರೋಲಿನಲ್ಲಿ ತಿಂಗಳಿಗೆ ಎರಡು ಸಾವಿರಕ್ಕಿಂತ ಹೆಚ್ಚು ಉಳಿಸಿರುತ್ತೀರಿ. ಆರು ವರ್ಷಕ್ಕೆ ಒಂದೂವರೆ ಲಕ್ಷದ ಹತ್ತಿರ. ಹೊಸ ಪ್ಯಾಕ್ ಈಗಿನ ದರದಲ್ಲಿ ಐವತ್ತರಿಂದ ಎಪ್ಪತ್ತು ಸಾವಿರ ಎಂದು ಹಿಡಿದರೂ ನಷ್ಟವಿಲ್ಲ. ಸೆಕೆಂಡ್‌ಹ್ಯಾಂಡ್ ಗಾಡಿಗೆ ಈ ಮಾತು ಅನ್ವಯಿಸುವುದಿಲ್ಲ. ಪ್ಯಾಕಿನ ಆರೋಗ್ಯದ ವರದಿಯನ್ನು ಸರ್ವಿಸ್ ಸೆಂಟರಿನಿಂದ ಬರೆಸಿಕೊಳ್ಳದೆ ಅದನ್ನು ಕೊಳ್ಳಬಾರದು. ಹಳೆಯ ಸ್ಕೂಟರಿಗೆ ಮೋಟಾರ್ ಕಿಟ್ ಕೂರಿಸುವುದೂ ಒಂದು ದಾರಿ, ಆದರೆ ಹನ್ನೊಂದು ವರ್ಷದ ಚಾಸಿ, ಬ್ರೇಕಿನ ಮೇಲೆ ಅಷ್ಟು ಹಣ ಸುರಿಯಬೇಡಿ.

ಅತ್ತೆಯವರ ಭಯವನ್ನು ನಾನು ತಳ್ಳಿಹಾಕುವವನಲ್ಲ. 2022ರ ಬೇಸಿಗೆಯಲ್ಲಿ ದೇಶದ ಹಲವೆಡೆ ಸ್ಕೂಟರ್‌ಗಳು ಹೊತ್ತಿಕೊಂಡವು, ಜೀವಗಳೂ ಹೋದವು. ಆಮೇಲೆ ಎಐಎಸ್–156 ಎಂಬ ಸುರಕ್ಷತಾ ಮಾನದಂಡವನ್ನು ಬಿಗಿಗೊಳಿಸಿ, 2022ರ ಡಿಸೆಂಬರ್ ಮತ್ತು 2023ರ ಮಾರ್ಚ್ ಕೊನೆ ಎಂದು ಎರಡು ಹಂತಗಳಲ್ಲಿ ಜಾರಿಗೆ ತಂದರು. ಅದಕ್ಕಿಂತ ಹಿಂದಿನ ಗಾಡಿ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ. ಹೊಸದರಲ್ಲೂ ಎಲ್‌ಎಫ್‌ಪಿ ಆದರೆ ಒಳ್ಳೆಯದು, ಅದು ಕೆರಳಲು ಹೆಚ್ಚು ಬಿಸಿ ಬೇಕು.

ಆದರೆ ದೂರು ಬಂದ ಮನೆಗಳಿಗೆ ಹೋದಾಗ ನಾನು ಮೊದಲು ನೋಡುವುದು ಬ್ಯಾಟರಿಯನ್ನಲ್ಲ, ಗೋಡೆಯನ್ನು. ಐದು ಆಂಪಿಯರಿನ ಹಳೆಯ ಸಾಕೆಟ್ಟು, ಅದಕ್ಕೊಂದು ಎಕ್ಸ್‌ಟೆನ್ಷನ್ ಬೋರ್ಡು, ಅದರಲ್ಲಿ ಸಡಿಲವಾಗಿ ಕೂತ ಚಾರ್ಜರಿನ ಪ್ಲಗ್ಗು. ಪ್ಲಗ್ಗು ಕಿತ್ತರೆ ಒಂದು ಪಿನ್ನಿನ ಬುಡ ನೀಲಿಗಟ್ಟಿರುತ್ತದೆ, ಸುತ್ತಲಿನ ಬಿಳಿ ಪ್ಲಾಸ್ಟಿಕ್ ಕಂದಾಗಿ ಉಬ್ಬಿರುತ್ತದೆ. ಸಡಿಲ ಸಂಪರ್ಕದಲ್ಲಿ ನಾಲ್ಕು ಗಂಟೆ ಸತತವಾಗಿ ಕರೆಂಟು ಹರಿದರೆ ಆಗುವುದೇ ಅದು. ಮೂರನೇ ಪಿನ್ನಿನ ತೂತಿಗೆ ತಂತಿಯೇ ಇರದ ಮನೆಗಳೂ ಎಷ್ಟೋ. ಇದ್ದರೂ ಅದು ಹೋಗಿ ಸೇರುವ ಅರ್ಥಿಂಗ್ ಗುಂಡಿ ಒಣಗಿ ಎಷ್ಟೋ ವರ್ಷವಾಗಿರುತ್ತದೆ. ಮೆಟ್ಟಿಲ ಕೆಳಗಿನ ಜಾಗವನ್ನು ಮಾತ್ರ ಖಂಡಿತ ಬದಲಿಸಿ. ಆಕಸ್ಮಿಕ ಅಪರೂಪವೇ ಇರಬಹುದು, ಆದರೆ ಹೊತ್ತಿಕೊಂಡ ಲಿಥಿಯಂ ಪ್ಯಾಕಿನ ಹೊಗೆ ಮಹಡಿಯವರಿಗೆ ಇಳಿಯಲು ಇರುವ ಒಂದೇ ದಾರಿಯನ್ನು ಮುಚ್ಚುತ್ತದೆ. ಹೊರಗಿನ ಜಗಲಿ, ಕಾಂಪೌಂಡಿನ ಒಂದು ಮೂಲೆ, ಮೇಲೊಂದು ತಗಡು ಸಾಕು.

ಇನ್ನು ನೀವು ಕೇಳದ ಒಂದು ಸಂಗತಿ. ಬೆಳಿಗ್ಗೆ ಬಸ್ಸಿಲ್ಲ ಎಂದಿರಿ, ಸಂಜೆ? ತುಂಬಿದ ಡೀಸೆಲ್ ಬಸ್ಸು 22 ಕಿ.ಮೀ.ಗೆ ನಾಲ್ಕೂವರೆ ಲೀಟರಿನಷ್ಟು ಸುಡುತ್ತದೆ. ನಲವತ್ತೈದು ಜನರಿಗೆ ಹಂಚಿದರೆ ತಲೆಗೆ ನೂರು ಮಿಲಿಲೀಟರ್, ಅಂದರೆ ಕಾಲು ಕಿಲೋ ಇಂಗಾಲದ ಡೈಆಕ್ಸೈಡ್. ಅಷ್ಟೇ ದೂರಕ್ಕೆ ನಿಮ್ಮ ಎಲೆಕ್ಟ್ರಿಕ್ ಸ್ಕೂಟರಿನದು ಅರ್ಧ ಕಿಲೋ ಮೀರುತ್ತದೆ. ತುಂಬಿದ ಡೀಸೆಲ್ ಬಸ್ಸಿನ ಮುಂದೆ ಒಬ್ಬರೇ ಕೂತು ಓಡಿಸುವ ವಿದ್ಯುತ್ ಗಾಡಿಯೂ ಸೋಲುತ್ತದೆ ಎಂಬುದನ್ನು ಜಾಹೀರಾತು ಹೇಳುವುದಿಲ್ಲ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ಟೂ ಇಲ್ಲ. ನಿಮ್ಮ ಮಾರ್ಗದ ಶಿಕ್ಷಕರು, ವಿದ್ಯಾರ್ಥಿಗಳ ಪೋಷಕರು ಸೇರಿ ಡಿಪೊ ವ್ಯವಸ್ಥಾಪಕರಿಗೆ ಒಂದು ಮನವಿ ಕೊಟ್ಟರೆ ಬೆಳಗಿನ ಬಸ್ಸಿನ ಸಮಯ ಅರ್ಧ ಗಂಟೆ ಹಿಂದಕ್ಕೋ ಮುಂದಕ್ಕೋ ಸರಿದೀತು. ಆಗದಿದ್ದರೆ ಸ್ಕೂಟರ್ ಇದ್ದೇ ಇದೆ.

ಆ ಹುಡುಗನ ಪ್ರಶ್ನೆಗೆ ಬರುತ್ತೇನೆ. ಅವನಿಗೆ ನೀವು ಹೌದು ಎಂದದ್ದನ್ನು ತಿದ್ದಬೇಕಾಗುತ್ತದೆ. ನಮಗೆ ಬೇಕಾದ ಕಚ್ಚಾತೈಲದಲ್ಲಿ ನೂರಕ್ಕೆ 85ಕ್ಕಿಂತ ಹೆಚ್ಚು ಹೊರಗಿನಿಂದಲೇ ಬರುತ್ತದೆ. ದೇಶದಲ್ಲಿ ಬಳಕೆಯಾಗುವ ಪೆಟ್ರೋಲಿಯಂ ಉತ್ಪನ್ನಗಳಲ್ಲಿ ಪೆಟ್ರೋಲಿನ ಪಾಲು ಶೇ 16–17. ಡೀಸೆಲಿನದು ಶೇ 40ರ ಹತ್ತಿರ. ಪೆಟ್ರೋಲಿನಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಕುಡಿಯುವುದು ದ್ವಿಚಕ್ರ ವಾಹನಗಳು. ಅಂದರೆ ನಾಳೆ ಬೆಳಗಾಗುವಷ್ಟರಲ್ಲಿ ದೇಶದ ಅಷ್ಟೂ ಸ್ಕೂಟರ್, ಬೈಕುಗಳು ಬ್ಯಾಟರಿಗೆ ಬದಲಾದರೂ ಕಡಿಮೆಯಾಗುವುದು ಒಟ್ಟು ಬಳಕೆಯ ಹತ್ತನೇ ಒಂದು ಪಾಲಿನ ಸುತ್ತಮುತ್ತ. ಹತ್ತನೇ ಒಂದು ಎಂದರೆ ಕಡಿಮೆಯಲ್ಲ. ಆದರೆ ಅದು ‘ಪೂರ್ತಿ’ ಅಲ್ಲ.

ಇನ್ನೊಂದು ತೊಡಕು ಸಂಸ್ಕರಣಾಗಾರದೊಳಗೇ ಇದೆ. ಮಂಗಳೂರಿನ ಎಂಆರ್‌ಪಿಎಲ್ ವರ್ಷಕ್ಕೆ ಒಂದೂವರೆ ಕೋಟಿ ಟನ್ ಕಚ್ಚಾತೈಲ ಸಂಸ್ಕರಿಸುವ ಸ್ಥಾವರ. ಅಲ್ಲಿ ತೈಲ ಕಾಸಿದಾಗ ಅಡುಗೆ ಅನಿಲ, ಪೆಟ್ರೋಲ್, ವಿಮಾನದ ಇಂಧನ, ಡೀಸೆಲ್, ತಳದಲ್ಲಿ ರಸ್ತೆಗೆ ಹಾಕುವ ಡಾಂಬರು ಎಲ್ಲವೂ ಜೊತೆಜೊತೆಯಾಗಿ ಹೊರಬರುತ್ತವೆ. ಪ್ರಮಾಣವನ್ನು ಒಂದಿಷ್ಟು ಹಿಗ್ಗಿಸಿ ಕುಗ್ಗಿಸಬಹುದೇ ಹೊರತು ನನಗೆ ಪೆಟ್ರೋಲ್ ಬೇಡ, ಡೀಸೆಲ್ ಮಾತ್ರ ಕೊಡು ಎನ್ನಲಾಗದು. ಡೀಸೆಲ್ ಬೇಕಿರುವವರೆಗೆ ಹಡಗು ಬರುತ್ತಲೇ ಇರುತ್ತದೆ, ಬೇಡವಾದ ಪೆಟ್ರೋಲ್ ರಫ್ತಾಗುತ್ತದೆ.

ಡೀಸೆಲ್ ಎಲ್ಲಿ ಹೋಗುತ್ತದೆ ಎಂದು ಹುಡುಗ ಕೇಳಿದರೆ ದೂರ ಹೋಗಬೇಕಿಲ್ಲ. ನಿಮ್ಮ ಊರಿನ ಎಪಿಎಂಸಿ ಮುಂದೆ ಕೊಬ್ಬರಿ ತುಂಬಿಕೊಂಡು ಉತ್ತರ ಭಾರತಕ್ಕೆ ಹೊರಡುವ ಲಾರಿ, ತೋಟ ಉಳುವ ಟ್ರ್ಯಾಕ್ಟರ್, ನೀರು ಬತ್ತಿದ ಬೇಸಿಗೆಯಲ್ಲಿ ರಾತ್ರಿಯಿಡೀ ಸದ್ದು ಮಾಡುವ ಬೋರ್‌ವೆಲ್ ಲಾರಿ, ಕೆರೆ ಹೂಳೆತ್ತುವ ಜೆಸಿಬಿ. ತೋಟಕ್ಕೆ ಹಾಕುವ ಯೂರಿಯಾ ಕೂಡ ನೈಸರ್ಗಿಕ ಅನಿಲದ ಕೂಸು. ಇವುಗಳಿಗೆ ಸ್ಕೂಟರಿನ ಬ್ಯಾಟರಿ ಉತ್ತರವಲ್ಲ. ಲಾರಿಯ ಸರಕಿಗೆ ನಮ್ಮಲ್ಲಿ ಈಗಾಗಲೇ ಇರುವ ದೊಡ್ಡ ವಿದ್ಯುತ್ ವಾಹನ ರೈಲು. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡದ ವಂದೇ ಭಾರತ್ ಶುರುವಾಯಿತಲ್ಲ, ಅದು ನಿಮ್ಮ ಊರಿನ ಮೇಲೆ ಹಾಯ್ದುಹೋಗುವುದು ತಲೆಯ ಮೇಲಿನ ವಿದ್ಯುತ್ ತಂತಿಯಿಂದ. ಅದೇ ಹಳಿಯ ಮೇಲೆ ಕೊಬ್ಬರಿಯೂ ಹೋಗಬಹುದು. ಸರಕನ್ನು ಹೊತ್ತಿಗೆ ಸರಿಯಾಗಿ ಮುಟ್ಟಿಸುವ ಖಾತ್ರಿ ರೈಲ್ವೆ ಕೊಡುವವರೆಗೆ ವ್ಯಾಪಾರಿ ಲಾರಿಯನ್ನೇ ಹಿಡಿಯುತ್ತಾನೆ, ಅವನ ತಪ್ಪಲ್ಲ.

ಸರ್ಕಾರಗಳಿಗೂ ತೈಲದ ಹಂಗಿದೆ. 2024ರ ಜೂನ್‌ನಲ್ಲಿ ಖಜಾನೆಗೆ ಹಣ ಬೇಕಾದಾಗ ರಾಜ್ಯ ಮುಟ್ಟಿದ್ದು ಪೆಟ್ರೋಲ್, ಡೀಸೆಲನ್ನೇ. ಪೆಟ್ರೋಲಿನ ಮಾರಾಟ ತೆರಿಗೆ ಶೇ 25.92ರಿಂದ 29.84ಕ್ಕೆ ಏರಿತು. 2017ರಲ್ಲಿ ದೇಶದಲ್ಲೇ ಮೊದಲು ವಿದ್ಯುತ್ ವಾಹನ ನೀತಿ ತಂದದ್ದೂ ಇದೇ ರಾಜ್ಯ. ಗಾಡಿಗಳು ಬದಲಾದಷ್ಟೂ ಆ ತೆರಿಗೆ ಬೇರೆಲ್ಲಿಂದಲೋ ಬರಬೇಕು, ಬಹುಶಃ ನಿಮ್ಮ ಚಾರ್ಜಿಂಗಿನಿಂದಲೇ.

ತೈಲ ಬಿಟ್ಟು ಲಿಥಿಯಂಗೆ ಜೋತುಬಿದ್ದಂತಾಯಿತಲ್ಲ ಎಂದು ಯಜಮಾನರು ಕೇಳಬಹುದು, ಕೇಳಲಿ. ಮಂಡ್ಯದ ಮರ್ಲಗಲ್ಲದಲ್ಲಿ ಲಿಥಿಯಂ ಸಿಕ್ಕಿತೆಂದು 2020ರಲ್ಲಿ 14,100 ಟನ್ನಿನ ಸುದ್ದಿ ಹಬ್ಬಿತು. ಸರ್ಕಾರದ ಅಂದಾಜು ಆಮೇಲೆ 1,600 ಟನ್ನಿಗೆ ಇಳಿಯಿತು. ಜಗತ್ತಿನ ಸೆಲ್‌ಗಳಲ್ಲಿ ಬಹುಪಾಲು ತಯಾರಾಗುವುದು ಚೀನಾದಲ್ಲಿ. 2025ರ ಏಪ್ರಿಲ್‌ನಲ್ಲಿ ಆ ದೇಶ ವಿರಳ ಭಸ್ಮ ಲೋಹದ ಅಯಸ್ಕಾಂತಗಳ ರಫ್ತಿಗೆ ಬಿಗಿ ಹಾಕಿದಾಗ ನಮ್ಮ ಸ್ಕೂಟರ್ ಕಾರ್ಖಾನೆಗಳು ಮೋಟಾರಿಗಾಗಿ ಪರದಾಡಿದವು. ಇದು ಹಂಗೇ. ಆದರೆ ಎರಡೂ ಒಂದೇ ತೆರನಲ್ಲ. ಮಂಗಳೂರು, ಪಾದೂರು, ವಿಶಾಖಪಟ್ಟಣದ ಭೂಗತ ಗುಹೆಗಳಲ್ಲಿ ನಾವು ಕೂಡಿಡಬಹುದಾದ ಕಚ್ಚಾತೈಲ 53.3 ಲಕ್ಷ ಟನ್, ಹತ್ತು ದಿನಕ್ಕೂ ಸಾಲದು. ಹಡಗು ನಿಂತರೆ ಓಡುವ ಗಾಡಿಯೇ ನಿಲ್ಲುತ್ತದೆ. ಅಯಸ್ಕಾಂತ ನಿಂತರೆ ಶೋರೂಮಿನಲ್ಲಿ ಹೊಸ ಗಾಡಿ ತಡವಾಗುತ್ತದೆ. ನೀವು ಕೊಂಡದ್ದು ಓಡುತ್ತಲೇ ಇರುತ್ತದೆ. ತೈಲ ಸುಟ್ಟರೆ ಮುಗಿಯಿತು, ಬ್ಯಾಟರಿಯ ಲೋಹ ಪ್ಯಾಕಿನಲ್ಲೇ ಇರುತ್ತದೆ. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಪ್ಯಾಕನ್ನು ವಾಪಸ್ ಪಡೆಯುವ ಹೊಣೆ ತಯಾರಕರದು, ಗುಜರಿಯವರಿಗೆ ಮಾರಬೇಡಿ.

ಹಾಗಾದರೆ ಕೊಳ್ಳುವುದೇ? ಕೊಳ್ಳಿ. ಮೂರು ಯೂನಿಟ್ ಸುಮಾರಿನ ಪ್ಯಾಕ್, ಸಾಧ್ಯವಾದರೆ ಎಲ್‌ಎಫ್‌ಪಿ, ತಿಪಟೂರಿನಲ್ಲೋ ತುಮಕೂರಿನಲ್ಲೋ ಸರ್ವಿಸ್ ಸೆಂಟರ್ ಇರುವ ಗಾಡಿ. ಪರೀಕ್ಷೆಗೆ ಓಡಿಸುವಾಗ ಶೋರೂಮಿನ ಸುತ್ತ ಒಂದು ಸುತ್ತು ಹಾಕಿ ಬರಬೇಡಿ. ಶಾಲೆಯವರೆಗೆ ಹೋಗಿ ಬರಲು ಕೇಳಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ನೀವು ದಿನವೂ ಹೋಗುವ ವೇಗದಲ್ಲಿ. ಪರದೆ ತೋರಿಸುವ ಶೇಕಡಾವಾರು ಎಷ್ಟು ಇಳಿಯಿತೆಂದು ಬರೆದುಕೊಳ್ಳಿ. ಮೂರು ಯೂನಿಟ್ ಪ್ಯಾಕಿನಲ್ಲಿ 44 ಕಿ.ಮೀ.ಗೆ ಶೇ 60ಕ್ಕಿಂತ ಹೆಚ್ಚು ಖರ್ಚಾದರೆ ಆ ಮಾದರಿ ನಿಮಗಲ್ಲ. ಮುಂಗಡ ಕೊಡುವ ಮೊದಲು ವೈರ್‌ಮನ್ ಕರೆಸಿ ಜಗಲಿಗೆ ಪ್ರತ್ಯೇಕ ತಂತಿ ಎಳೆಸಿ, 16 ಆಂಪಿಯರಿನ ಸಾಕೆಟ್ಟು, ಎಂಸಿಬಿ, ಸೋರಿಕೆ ಹಿಡಿಯುವ ಆರ್‌ಸಿಸಿಬಿ ಹಾಕಿಸಿ. ಅರ್ಥಿಂಗನ್ನು ಬಲ್ಬು ಹಿಡಿದು ನೋಡಿ ಸರಿಯಿದೆ ಎಂದು ಅವನು ಹೇಳಿದರೆ ಒಪ್ಪಬೇಡಿ, ಮೀಟರಿನಲ್ಲಿ ಅಳೆದು ತೋರಿಸಲು ಹೇಳಿ.